ಕಂಪ್ಯೂಟರು ಕೊಂಡ ಪ್ರಸಂಗ

ಮೂವತ್ತುಮೂರು ವರ್ಷಕಾಲ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟು ಈಚೆಗೆ ನಿವೃತ್ತನಾದ ನನ್ನಂಥವನು ಕಂಪ್ಯೂಟರಿನ ವಿಷಯವಾಗಿ ಬರೆಯಹೊರಟರೆ ವಾಚಕ ಮಹಾಶಯರಿಗೆ ನಗು ಬರುವುದು ಸಹಜವೇ. ರಾಮಶಬ್ದವನ್ನು ಬಾಯಿಪಾಠ ಮಾಡಿಸಿದವರಿಗೂ ಮದರ್‌ಬೋರ್ಡಿಗೂ ಎಲ್ಲಿಂದೆಲ್ಲಿಯ ಸಂಬಂಧವೆಂದು ನಮ್ಮ ಮನೆಯವರೇ ಕೇಳಿದರು. ಆದರೆ ಮಿತವಾದ ಹಣವನ್ನು ಕೈಯಲ್ಲಿ ಹಿಡಿದು, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ಒಂದು ಯಂತ್ರವನ್ನು ಜೋಡಿಸಿಕೊಳ್ಳಬೇಕೆಂದಿರುವ ಗೃಹಸ್ಥರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಒಬ್ಬರಾದರೂ ನಾನು ಮಾಡಿದ ತಪ್ಪನ್ನು ಮಾಡದಿದ್ದರೆ ಸಾಕೆಂದು ಈ ನಾಲ್ಕು ಮಾತು. ತಪ್ಪು ಒಂದಲ್ಲ, ಎರಡು, ಮೊದಲನೆಯದು ಹಳೆಯದು.

ನನಗೆ ಅಮರಕೋಶವನ್ನು ಪಾಠಹೇಳಿದ ಗುರುಗಳು ಅದಕ್ಕೊಂದು ಕನ್ನಡ ಟಿಪ್ಪಣಿಯನ್ನು ಬರೆದಿಟ್ಟಿದ್ದರು. ಅಚ್ಚಿಗಾಗಿ ಬರೆದುದಲ್ಲ. ಒಂದೊಂದು ಸಂಸ್ಕೃತಶಬ್ದದ ಎದುರಿಗೆ ನಮ್ಮ ಸೀಮೆಯ ರೈತರೂ ಮನೆಯ ಹೆಂಗಸರೂ ಆ ವಸ್ತುವನ್ನು ಯಾವ ಹೆಸರಿನಿಂದ ಕರೆಯುವರೆಂಬುದನ್ನು ಕೇಳಿ ತಿಳಿದು ಬರೆದುಕೊಂಡದ್ದು. ಮೂರು ಕಾಂಡಗಳಿಗೆ ನಾಲ್ಕು ದಪ್ಪ ನೋಟುಪುಸ್ತಕಗಳು. ಅವರು ತೀರಿಕೊಂಡ ಮೇಲೆ ಅವು ನನ್ನ ಕೈಗೆ ಬಂದವು. ಶಾಯಿ ಮಾಸುತ್ತಿತ್ತು, ಹಾಳೆ ಮುಟ್ಟಿದರೆ ಮುರಿಯುತ್ತಿತ್ತು. ಆದುದರಿಂದ 2016ರಲ್ಲಿ ಈ ಕೆಲಸಕ್ಕೆಂದೇ ಒಂದು ಕಂಪ್ಯೂಟರನ್ನು ಜೋಡಣೆ ಮಾಡಿಸಿಕೊಂಡು, ಎರಡನೆಯ ಕಾಂಡದ ವನೌಷಧಿವರ್ಗವಿದ್ದ ಪುಸ್ತಕದಿಂದ ಆರಂಭಿಸಿದೆನು. ಗಿಡಮರಗಳ ಹೆಸರುಗಳೇ ಎಲ್ಲಕ್ಕಿಂತ ಮೊದಲು ಜನರ ಬಾಯಿಂದ ಮರೆಯಾಗುತ್ತವೆಂದು ನನ್ನ ಎಣಿಕೆ.

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಎಸ್.ಎಂ.ಪಿ.ಎಸ್. ಎಂಬ ಒಂದು ಲೋಹದ ಡಬ್ಬಿಯುಂಟು. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಉಳಿದ ಅಂಗಗಳಿಗೆಲ್ಲ ಬಡಿಸತಕ್ಕದ್ದು ಅದು. ಮದುವೆಮನೆಯ ಅಡಿಗೆಭಟ್ಟರಂತೆ ಸದಾ ಹಿಂದೆಯೇ ಇರುತ್ತದೆ. ಅಳತೆ ತಪ್ಪಿದ ದಿನ ಮಾತ್ರ ಎಲ್ಲರಿಗೂ ಅದರ ನೆನಪು. ಅಂಗಡಿಯಾತನು ಅಂದು ಎರಡು ಬಗೆಯನ್ನು ತೋರಿಸಿದ್ದನು: ಕ್ಯಾಬಿನೆಟ್ಟಿನ ಜೊತೆಯಲ್ಲಿಯೇ ಉಚಿತವಾಗಿ ಬರತಕ್ಕದ್ದೊಂದು, ಬೇರೆಯಾಗಿ 1,400 ರೂಪಾಯಿ ಕೊಟ್ಟು ಕೊಳ್ಳತಕ್ಕದ್ದೊಂದು. ಕಣ್ಣಿಗೆ ಕಾಣದ ಡಬ್ಬಿಗೆ ಅಷ್ಟು ಹಣವೇಕೆಂದು ನಾನು ಉಚಿತವಾದುದನ್ನೇ ತಂದೆನು. ಮನೆಗೆ ಬಂದು ಆ ಉಳಿತಾಯವನ್ನು ಹೆಮ್ಮೆಯಿಂದ ಹೇಳಿಕೊಂಡದ್ದೂ ನೆನಪಿದೆ.

ಪುಸ್ತಕವನ್ನು ಟೈಪು ಮಾಡಿ ಮುಗಿಸಲು ಶಾಲೆಯ ಕೆಲಸದ ನಡುವೆ ನನಗೆ ನಾಲ್ಕು ವರ್ಷ ಹಿಡಿಯಿತು. 2021ರ ಮಳೆಗಾಲದಲ್ಲಿ ಒಂದು ರಾತ್ರಿ ವಿದ್ಯುತ್ತು ಹೋಗಿ ಬಂದಿತು. ಕೋಣೆಯಲ್ಲೆಲ್ಲ ಸುಟ್ಟ ವಾಸನೆ. ಮಾರನೆಯ ದಿನ ರಿಪೇರಿಯವನು ಬಿಚ್ಚಿ ನೋಡಿ, ಆ ಡಬ್ಬಿಯು ತಾನು ಸಾಯುವುದಲ್ಲದೆ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಿದೆಯೆಂದನು. ಡಿಸ್ಕನ್ನು ಬೆಂಗಳೂರಿಗೆ ಕಳುಹಿಸಿ ನೋಡಿದೆನು. ಓದಲಾಗಲಿಲ್ಲವೆಂದು ಹಿಂದಕ್ಕೆ ಬಂದಿತು. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಲಿಲ್ಲವೆ ಎಂದು ವಾಚಕರು ಕೇಳಬಹುದು. ಇಟ್ಟಿರಲಿಲ್ಲ. ಹೇಗೂ ಮೂಲಪುಸ್ತಕ ಇದೆಯಲ್ಲಾ ಎಂದು ಅಟ್ಟವನ್ನು ಹತ್ತಿದರೆ, ಟೈಪಾಯಿತಲ್ಲ ಇನ್ನೇಕೆಂದು ಮೇಲೆ ಹಾಕಿದ್ದ ಆ ಪುಸ್ತಕವನ್ನು ಗೆದ್ದಲು ಮಣ್ಣು ಮಾಡಿತ್ತು.

ಉಳಿದ ಮೂರು ಪುಸ್ತಕಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆನು. ಆಮೇಲೆ ನಾಲ್ಕು ವರ್ಷ ಆ ಕೆಲಸದ ಮಾತೆತ್ತಲಿಲ್ಲ. ನನ್ನ ತಮ್ಮನು ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಕಾಗದಪತ್ರಗಳನ್ನು ಬರೆಯುತ್ತಿದ್ದೆನು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ನಿಂತಿತು. ವಿಂಡೋಸ್ 11 ಅನ್ನು ಅಂಗೀಕರಿಸುವಷ್ಟು ಹೊಸ ಯಂತ್ರ ಅದಲ್ಲ. ಸಾಲದುದಕ್ಕೆ ಅದರ ಡಿಸ್ಕು ಟಕಟಕನೆ ಸದ್ದುಮಾಡತೊಡಗಿತ್ತು. ಆ ಸದ್ದನ್ನು ಕೇಳಿಕೊಂಡು ಗುರುಗಳ ಅಕ್ಷರವನ್ನು ಅದಕ್ಕೆ ಒಪ್ಪಿಸಲು ನನಗೆ ಧೈರ್ಯ ಬರಲಿಲ್ಲ. ನಿವೃತ್ತಿಯ ಹಣವೂ ಅಷ್ಟರಲ್ಲಿ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಮನೆಯ ತಾರಸಿಯನ್ನು ಸರಿಮಾಡಿಸಬೇಕಾಗಿದ್ದುದರಿಂದ, "ಐವತ್ತು ಸಾವಿರ, ಅದರ ಮೇಲೆ ಒಂದು ಕಾಸೂ ಕೇಳಬೇಡಿ" ಎಂದು ನಮ್ಮ ಮನೆಯವರು ಮೇರೆ ಗೊತ್ತುಮಾಡಿದರು. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ನನ್ನ ಮಗಳಿಗೂ ನನಗೂ ಒಂದೇ ಯಂತ್ರವಾಗಬೇಕು.

ನನಗೆ ಮಂತ್ರಿಯಾಗಿ ಒದಗಿದವನು ನನ್ನ ಹಳೆಯ ಶಿಷ್ಯ. ಹತ್ತನೆಯ ತರಗತಿಯಲ್ಲಿ ಸಂಸ್ಕೃತದಲ್ಲಿ ಮೂವತ್ತೈದು ಅಂಕಕ್ಕೆ ನನ್ನನ್ನು ಬಹಳ ಕಾಡಿದವನು. ಈಗ ತುಮಕೂರಿನಲ್ಲಿ ಕಂಪ್ಯೂಟರು ರಿಪೇರಿ ಮಾಡಿ ಮರ್ಯಾದೆಯಾಗಿ ಬಾಳುತ್ತಿದ್ದಾನೆ. "ಮೇಷ್ಟ್ರೇ, ಮೊದಲು ಏನು ಕೆಲಸಕ್ಕೆ ಅಂತ ಹೇಳಿ, ಆಮೇಲೆ ಸಾಮಾನು ನೋಡೋಣ" ಎಂದನು. ಅಕ್ಟೋಬರಿನಲ್ಲಿಯೇ ಪಟ್ಟಿ ಸಿದ್ಧವಾಯಿತು. ಇಲ್ಲಿ ನನ್ನ ಎರಡನೆಯ ತಪ್ಪು. ಈ ಅಂಗಡಿಯಲ್ಲಿ ಇನ್ನೂರು ಕಡಮೆ, ಆ ಅಂಗಡಿಯಲ್ಲಿ ಮುನ್ನೂರು ಕಡಮೆಯೆಂದು ದರಗಳನ್ನು ಬರೆದುಕೊಳ್ಳುತ್ತ, ದೀಪಾವಳಿ ಕಳೆಯಲಿ, ಕಾರ್ತಿಕ ಕಳೆಯಲಿ ಎಂದು ಎರಡು ತಿಂಗಳನ್ನು ಕಳೆದೆನು. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಬೇಕಾದ ಮೆಮೊರಿಯನ್ನು ಮಾಡುವುದಕ್ಕೆ ತಯಾರಕರು ತಮ್ಮ ಕಾರ್ಖಾನೆಗಳನ್ನು ತಿರುಗಿಸಿದ ಕಾರಣ, 2025ರ ಕೊನೆಯ ತಿಂಗಳುಗಳಲ್ಲಿ ಸಾಧಾರಣ ರ‍್ಯಾಮಿನ ಬೆಲೆಯು ನೋಡನೋಡುತ್ತ ಏರಿಹೋಯಿತು. ನನ್ನ ಪಟ್ಟಿಯಲ್ಲಿ ಬರೆದಿದ್ದ ಬೆಲೆಯ ಎರಡರಷ್ಟನ್ನು ಡಿಸೆಂಬರಿನಲ್ಲಿ ಅದು ಮೀರಿತ್ತು. ಐನೂರು ರೂಪಾಯಿ ಉಳಿಸಹೋಗಿ ಐದು ಸಾವಿರ ಕಳೆದುಕೊಂಡವನನ್ನು ಏನೆನ್ನಬೇಕೋ ಅದನ್ನು ನಮ್ಮ ಮನೆಯವರು ಹೇಳಿದರು, ಇಲ್ಲಿ ಬರೆಯುವುದಿಲ್ಲ.

ಪ್ರೊಸೆಸರಿನ ವಿಷಯವು ನನಗೆ ಅತ್ಯಂತ ರುಚಿಸಿತು. ಏಕೆಂದರೆ ಅದು ವ್ಯಾಕರಣಕ್ಕೆ ಹತ್ತಿರವಾದುದು. ಪಾಣಿನಿಯ ಪ್ರತ್ಯಯಗಳಲ್ಲಿ ಅನುಬಂಧಗಳೆಂಬ ಅಕ್ಷರಗಳಿರುವುದನ್ನು ಬಲ್ಲವರು ಬಲ್ಲರು. ಕೃ ಧಾತುವಿನ ಮೇಲೆ ಕ್ತ ಪ್ರತ್ಯಯ ಬಂದಾಗ ಅದರ ಕಕಾರವು ರೂಪದಲ್ಲಿ ಎಲ್ಲಿಯೂ ಕಾಣದೆ ಲೋಪವಾಗುತ್ತದೆ. ಆದರೆ ಧಾತುವಿಗೆ ಗುಣ ಬಾರದಂತೆ ತಡೆದು 'ಕೃತ' ಎಂದೇ ನಿಲ್ಲಿಸುವುದು ಆ ಕಕಾರದ ಆಜ್ಞೆ. ಪ್ರೊಸೆಸರುಗಳ ಹೆಸರಿನ ಕೊನೆಯ ಅಕ್ಷರವೂ ಹೀಗೆಯೇ. ಇಂಟೆಲ್ಲಿನ ಐ3-12100 ಎಂಬುದೊಂದು, 12100ಎಫ್ ಎಂಬುದೊಂದು. ಎರಡನೆಯದು ಸುಮಾರು ಎರಡು ಸಾವಿರ ಅಗ್ಗವೆಂದು ಕಂಡು ಅದನ್ನೇ ಗುರುತುಹಾಕಿದ್ದೆನು. ಶಿಷ್ಯನು ನೋಡಿ ನಕ್ಕು, "ಮೇಷ್ಟ್ರೇ, ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡು ಹಾಕದಿದ್ದರೆ ಪರದೆಯಲ್ಲಿ ಏನೂ ಕಾಣೋದಿಲ್ಲ" ಎಂದನು. ಅಕ್ಷರಲೋಪಕ್ಕೆ ಅಂಕ ಕಳೆಯುತ್ತಿದ್ದ ನನಗೆ ಅಂದು ಆತನು ಅಂಕ ಕಳೆದನೆಂದು ಒಪ್ಪಿಕೊಳ್ಳಬೇಕು. ಕೊನೆಗೆ ಎ.ಎಂ.ಡಿ.ಯ ರೈಜನ್ 5 5600ಜಿ ಎಂಬುದನ್ನು ಗೊತ್ತುಮಾಡಿದೆವು. ಆರು ಕೋರುಗಳು, ಜಿ ಎಂಬುದು ಚಿತ್ರವನ್ನು ತೋರಿಸುವ ಶಕ್ತಿಯು ಒಳಗೇ ಇದೆಯೆಂಬುದರ ಚಿಹ್ನೆ.

ಇದು 2021ರ ಪ್ರೊಸೆಸರು, ಹಳೆಯ ಎ.ಎಂ.4 ಪೀಠಕ್ಕೆ ಸೇರಿದ್ದು ಎಂದು ಮಗಳು ಮುಖ ಸಣ್ಣಗೆ ಮಾಡಿಕೊಂಡಳು. ಹೊಸ ಎ.ಎಂ.5 ಪೀಠವು 2022ರಲ್ಲಿ ಬಂದಿದೆ, ಮುಂದೆ ಹಲವು ವರ್ಷ ಅದಕ್ಕೆ ಹೊಸ ಪ್ರೊಸೆಸರುಗಳನ್ನು ಹಾಕಬಹುದು ಎಂಬ ಅವಳ ವಾದವು ನ್ಯಾಯವಾದುದೇ. ಆದರೆ ಅದಕ್ಕೆ ಡಿ.ಡಿ.ಆರ್.5 ರ‍್ಯಾಮೇ ಆಗಬೇಕು, ಬೋರ್ಡೂ ದುಬಾರಿ. ನಮ್ಮ ಐವತ್ತು ಸಾವಿರವು ಅಲ್ಲಿಯೇ ಮುಗಿದು, ನನಗೆ ಪರದೆಯ ಬದಲು ಗೋಡೆಯನ್ನು ನೋಡುವ ಗತಿ ಬರುತ್ತಿತ್ತು. ನನ್ನ ತಡದಿಂದ ಅವಳಿಗೆ ನಷ್ಟವಾಯಿತೆಂಬುದು ನನ್ನ ಮನಸ್ಸಿನಲ್ಲಿದೆ. ಅಕ್ಟೋಬರಿನ ದರದಲ್ಲಾಗಿದ್ದರೆ ಅವಳ ಮಾತು ಪ್ರಾಯಶಃ ನಡೆಯುತ್ತಿತ್ತು.

ರ‍್ಯಾಮನ್ನು 16 ಜಿ.ಬಿ.ಯ ಒಂದೇ ಪಟ್ಟಿಯಾಗಿ ಕೊಳ್ಳದೆ 8ರ ಎರಡನ್ನು ಕೊಂಡೆವು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿಯಿಲ್ಲ. ಅದು ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳುತ್ತದೆ. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಎರಡು ದಾರಿಗಳಿಂದ ಏಕಕಾಲದಲ್ಲಿ ಮಾಹಿತಿ ಸಾಗುತ್ತದೆ. ಕಣಜಕ್ಕೆ ಎರಡು ಬಾಗಿಲಿದ್ದಂತೆ. ಬೋರ್ಡಿನಲ್ಲಿ ನಾಲ್ಕು ಗೂಡುಗಳಿರುವುದನ್ನು ನೋಡಿಯೇ ಆರಿಸಿದ್ದರಿಂದ, ಬೆಲೆ ಇಳಿದ ಕಾಲಕ್ಕೆ ಇನ್ನೆರಡನ್ನು ಸೇರಿಸಬಹುದು.

ಪರದೆಯ ವಿಷಯದಲ್ಲಿ ನಾನು ಹಟಮಾಡಿದೆನು. ಎಡಗಣ್ಣಿನ ಪೊರೆ ತೆಗೆಸಿಕೊಂಡಿರುವ ನನಗೆ ಕನ್ನಡದ ಒತ್ತಕ್ಷರಗಳು ಸ್ಪಷ್ಟವಾಗಿ ಕಾಣಬೇಕು. ದೊಡ್ಡದಾದಷ್ಟೂ ಒಳ್ಳೆಯದೆಂದು 27 ಇಂಚಿನದನ್ನು ಕೇಳಿದೆನು. ಆದರೆ ನಮ್ಮ ಬೆಲೆಯೊಳಗಿನ 24 ಇಂಚಿನ ಪರದೆಗೂ 27 ಇಂಚಿನ ಪರದೆಗೂ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು ಸುಮಾರು ಇಪ್ಪತ್ತು ಲಕ್ಷ ಚುಕ್ಕೆಗಳೇ. ಅಷ್ಟೇ ಚುಕ್ಕೆಗಳನ್ನು ದೊಡ್ಡ ಜಾಗದಲ್ಲಿ ಹರಡಿದರೆ ರಂಗೋಲಿ ತೆಳುವಾಗುತ್ತದೆ, ಅಕ್ಷರದ ಅಂಚು ಒರಟಾಗುತ್ತದೆ. ಅಂಗಡಿಯಲ್ಲಿ ಎರಡರಲ್ಲಿಯೂ 'ರಾಷ್ಟ್ರ' ಎಂದು ಬರೆಯಿಸಿ ನೋಡಿ 24ನ್ನೇ ಒಪ್ಪಿಕೊಂಡೆನು.

ಗ್ರಾಫಿಕ್ಸ್ ಕಾರ್ಡಿನ ಮಾತು ಮಾತ್ರ ಮನೆಯಲ್ಲಿ ಎರಡು ದಿನ ನಡೆಯಿತು. ಮಗಳ ವ್ಯಾಸಂಗಕ್ಕೆ ಅದು ಬೇಕು. ನಮ್ಮ ಹಣಕ್ಕೆ ಅದು ಎಟುಕದು. ಎಸ್.ಎಂ.ಪಿ.ಎಸ್. ಅನ್ನು 450 ವ್ಯಾಟಿಗೆ ಇಳಿಸಿ, ಡಿಸ್ಕನ್ನು ಸಣ್ಣದು ಮಾಡಿ, ಎಲ್ಲಿಂದಲಾದರೂ ಹಳೆಯ ಕಾರ್ಡನ್ನು ತರಬಹುದೆಂದು ನಾನೇ ಸೂಚಿಸಿದೆನು. ಸುಟ್ಟ ವಾಸನೆಯನ್ನು ಮೂಸಿದವನೇ ಮತ್ತೆ ಆ ಡಬ್ಬಿಯ ಮೇಲೆ ಕೈಹಾಕಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು, "ಬೇಡಪ್ಪಾ. ಕಾರ್ಡು ಯಾವತ್ತಾದರೂ ಹಾಕಬಹುದು, ಗೂಡು ಖಾಲಿ ಇರಲಿ. ಅಲ್ಲಿಯವರೆಗೂ ಕಾಲೇಜಿನ ಲ್ಯಾಬು ಇದೆ. ಆ ಡಬ್ಬಿ ಮಾತ್ರ ಒಳ್ಳೇದು ತಗೊಳ್ಳಿ" ಎಂದಳು. ಆದುದರಿಂದ ಮುಂದೆ ಬರಬಹುದಾದ ಕಾರ್ಡಿಗೂ ಸಾಲುವಂತೆ 550 ವ್ಯಾಟಿನದನ್ನು 3,900 ರೂಪಾಯಿಗೆ ಕೊಂಡೆವು. '80 ಪ್ಲಸ್' ಎಂಬ ಮುದ್ರೆಯಿರುವುದನ್ನು ನೋಡಬೇಕೆಂದು ಎಲ್ಲರೂ ಹೇಳುತ್ತಾರೆ. ಎಳೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೆ ಕಡಮೆಯಿಲ್ಲದಷ್ಟನ್ನು ಉಪಯೋಗಕ್ಕೆ ಒದಗಿಸುತ್ತದೆಂಬುದಷ್ಟೇ ಆ ಮುದ್ರೆಯ ಅರ್ಥ. ವೋಲ್ಟು ಮಿತಿಮೀರಿದರೆ ತಾನೇ ನಿಂತುಹೋಗುವ ಏರ್ಪಾಡು ಉಂಟೋ ಇಲ್ಲವೋ ಎಂಬುದನ್ನು ಪೆಟ್ಟಿಗೆಯ ಮೇಲಿನ ಸಣ್ಣಕ್ಷರದಲ್ಲಿ ಬೇರೆಯಾಗಿ ಓದಬೇಕು. ನಾನು ಕನ್ನಡಕವನ್ನು ಒರೆಸಿಕೊಂಡು ಎರಡು ಸಲ ಓದಿದೆನು.

ಬೆಂಗಳೂರಿನ ಪುರಭವನದ ಬಳಿಯ ಸಾದರ ಪತ್ರಪ್ಪ ರಸ್ತೆಗೆ ಮೂವರೂ ರೈಲಿನಲ್ಲಿ ಹೋಗಿ ಬಂದೆವು. ಆ ಬೀದಿಯ ನೂಕುನುಗ್ಗಲನ್ನು ವರ್ಣಿಸುವುದಿಲ್ಲ, ಕಂಡವರಿಗೆ ಗೊತ್ತು. ಒಂದು ಅಂಗಡಿಯಲ್ಲಿ, ಬಿಲ್ಲು ಬೇಡವಾದರೆ ಒಟ್ಟು ಮೊಬಲಗಿನಲ್ಲಿ ಐದು ಸಾವಿರದಷ್ಟು ಬಿಡುವೆನೆಂದರು. ಐದು ಸಾವಿರ! ನನ್ನ ತಡದ ದಂಡವು ಅಷ್ಟಕ್ಕಷ್ಟೇ ಸರಿಹೋಗುತ್ತಿತ್ತು. ಮಗಳ ಮುಖವನ್ನು ನೋಡಿದೆನು, ಶಿಷ್ಯನ ಮುಖವನ್ನು ನೋಡಿದೆನು; ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು. ಮೂವತ್ತುಮೂರು ವರ್ಷ ನೀತಿಶ್ಲೋಕಗಳನ್ನು ಹೇಳಿಕೊಟ್ಟವನು ಶಿಷ್ಯನ ಎದುರಿನಲ್ಲಿ ಮತ್ತೇನು ಮಾಡಲಾದೀತು? ಬಿಲ್ಲು ಕೊಡುವ ಬೇರೆ ಅಂಗಡಿಯಲ್ಲಿ ಶೇಕಡ 18ರ ಜಿ.ಎಸ್.ಟಿ. ಸಹಿತ 48,900 ರೂಪಾಯಿ ತೆತ್ತೆನು. ಶಿಷ್ಯನು ಹೇಳಿದ ಕಾರಣ ಬೇರೆ: ಪ್ರೊಸೆಸರಿಗೆ ತಯಾರಕರು ಕೊಡುವ ಮೂರು ವರ್ಷದ ವಾರಂಟಿಗಾಗಲಿ ಉಳಿದವುಗಳ ವಾರಂಟಿಗಾಗಲಿ, ಸೀರಿಯಲ್ ನಂಬರು ಬರೆದ ಬಿಲ್ಲೇ ಸಾಕ್ಷಿ.

ಯಂತ್ರವನ್ನು ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ಜೋಡಿಸಿದರು. ತಿರುಗುವ ತಟ್ಟೆಗಳ ಡಿಸ್ಕಿಗೆ ಬದಲಾಗಿ ಈಗ ಬೆರಳುದ್ದದ ಒಂದು ಎಸ್.ಎಸ್.ಡಿ.; ಸದ್ದೇ ಇಲ್ಲ. ಲೈಸನ್ಸಿನ ಹಣ ಉಳಿಯಲೆಂದು ಉಬುಂಟುವನ್ನು ಹಾಕಿದರು. ಅದರಲ್ಲಿ ಕನ್ನಡವು ಚೆನ್ನಾಗಿಯೇ ಮೂಡುತ್ತದೆ. ಉಳಿದ ಸಾವಿರದ ನೂರರಲ್ಲಿ ಒಂದು ಪೆನ್‌ಡ್ರೈವು ಬಂದಿತು. ಪ್ರತಿ ಭಾನುವಾರ ಅದರಲ್ಲೊಂದು ಪ್ರತಿ, ಮಗಳ ಲ್ಯಾಪ್‌ಟಾಪು ಇರುವ ಗೆಳತಿಯ ಮನೆಯಲ್ಲೊಂದು ಪ್ರತಿ. ಮುಗಿದ ಪುಸ್ತಕವನ್ನು ಅಟ್ಟಕ್ಕೆ ಹಾಕುವುದಿಲ್ಲ.

ಈಗ ಮೊದಲನೆಯ ಕಾಂಡವು ವಾರಿವರ್ಗದವರೆಗೆ ಬಂದಿದೆ. ವನೌಷಧಿವರ್ಗಕ್ಕೆ ಒಂದು ಕಡತವನ್ನು ಬೇರೆಯಾಗಿ ತೆರೆದು, ಗುರುಗಳ ಬಾಯಿಂದ ಕೇಳಿ ನೆನಪಿನಲ್ಲಿ ಉಳಿದಿದ್ದ ಗಿಡಗಳ ಹೆಸರುಗಳನ್ನು ಬರೆದಿದ್ದೇನೆ. ನಿನ್ನೆಗೆ ನಲವತ್ತಮೂರು ಆಗಿವೆ.