ಖಾನಾಪುರದ ಬಸ್ಸು, ಬೆಳಗಾವಿಯ ಹೈಸ್ಕೂಲು

ಜೂನ್ ತಿಂಗಳ ಒಂದು ಬೆಳಿಗ್ಗೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಸಾಕು, ಈ ತಾಲೂಕಿನ ಮಕ್ಕಳ ಓದಿನ ಕಥೆ ಅರ್ಧ ತಿಳಿಯುತ್ತದೆ. ಮಳೆ ಹಿಡಿದುಕೊಂಡಿರುತ್ತದೆ. ಸಮವಸ್ತ್ರದ ಮೇಲೆ ಪ್ಲಾಸ್ಟಿಕ್ ಹೊದ್ದವರು, ಒಂದೇ ಕೊಡೆಯೊಳಗೆ ಮೂವರು ತೂರಿಕೊಂಡವರು, ಪಾಟಿಚೀಲವನ್ನು ಎದೆಗೆ ಅವಚಿಕೊಂಡವರು. ನೋಡುತ್ತ ನಿಂತರೆ ಎರಡು ಗುಂಪು ಕಾಣುತ್ತವೆ. ಒಂದು ಗುಂಪು ಜಾಂಬೋಟಿ, ಗುಂಜಿ, ನಂದಗಡದ ಕಡೆಯ ಬಸ್ಸುಗಳಿಂದ ಇಳಿಯುತ್ತದೆ. ಅದು ಖಾನಾಪುರದ ಹೈಸ್ಕೂಲಿಗೆ ಬಂದದ್ದು. ಇನ್ನೊಂದು ಗುಂಪು ಖಾನಾಪುರದಲ್ಲಿ ಹತ್ತುತ್ತದೆ. ಅದು ಬೆಳಗಾವಿಯ ಹೈಸ್ಕೂಲಿಗೆ ಹೊರಟದ್ದು. ಹಳ್ಳಿಯ ಮಕ್ಕಳು ಪೇಟೆಗೆ, ಪೇಟೆಯ ಮಕ್ಕಳು ಶಹರಕ್ಕೆ. ಹುಡುಗಿಯರು ಆಧಾರ್ ಕಾರ್ಡು ತೋರಿಸಿ ಶಕ್ತಿ ಯೋಜನೆಯ ಟಿಕೆಟು ಪಡೆಯುತ್ತಾರೆ (2023ರ ಜೂನ್ 11ರಂದು ಆರಂಭವಾದ ಸವಲತ್ತು). ಹುಡುಗರು ಒದ್ದೆ ಕಿಸೆಯಲ್ಲಿ ವಿದ್ಯಾರ್ಥಿ ಪಾಸು ಹುಡುಕುತ್ತಾರೆ.

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ದಾರಿಯಲ್ಲಿ ಹಂಚಿನ ಭಟ್ಟಿಗಳು, ಇಟ್ಟಂಗಿಯ ರಾಶಿಗಳು. ಮಲಪ್ರಭೆಯ ಬದಿಯ ಈ ಜೇಡಿಮಣ್ಣು ಎಷ್ಟು ಒಳ್ಳೆಯದೆಂದರೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಕುಂಬಾರಿಕೆ ತರಬೇತಿ ಸಂಸ್ಥೆಯನ್ನು ಖಾನಾಪುರದಲ್ಲೇ ನಡೆಸುತ್ತ ಬಂತು. ಮುಂದೆ ಮಚ್ಛೆಯ ಹತ್ತಿರ ಎಡಬಲಕ್ಕೆ ಕತ್ತು ಹೊರಳಿಸಿದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನಸಂಗಮ’. 1998ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದ ಕೈಕೆಳಗೆ ಇಡೀ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿವೆ. ಖಾನಾಪುರದ ಮಗು ದಿನಕ್ಕೆರಡು ಸಲ ಅದರ ಮುಂದೆ ಹಾಯ್ದು ಹೋಗುತ್ತದೆ. ಹಾಯುವುದು ಸುಲಭ, ಒಳಗೆ ಹೋಗಬೇಕಾದರೆ ನಡುವೆ ಹೈಸ್ಕೂಲು ಎಂಬ ಒಂದು ಹೊಸ್ತಿಲಿದೆ.

ಬೆಳಗಾವಿಗೆ ಹೈಸ್ಕೂಲುಗಳ ಕೊರತೆ ಯಾವ ಕಾಲಕ್ಕೂ ಇರಲಿಲ್ಲವೆಂದೇ ಹೇಳಬೇಕು. ದಂಡು ಪ್ರದೇಶದಲ್ಲಿ 1856ರ ಸೇಂಟ್ ಪಾಲ್ಸ್ ಇದೆ. ಚನ್ನಮ್ಮ ವೃತ್ತಕ್ಕೆ ಹತ್ತಿರ ಸರದಾರ್ಸ್ ಹೈಸ್ಕೂಲು. ಅದು ಸರಕಾರಿ ಶಾಲೆ, ಹೆಸರು ಮಾತ್ರ ದಕ್ಷಿಣ ಮರಾಠಾ ಪ್ರಾಂತ್ಯದ ಸರದಾರರದು. ಅದರ ಮೈದಾನವನ್ನು ಶಾಲೆಯ ಮೆಟ್ಟಿಲು ಹತ್ತದವರೂ ಬಲ್ಲರು, ಏಕೆಂದರೆ ಊರಿನ ಕ್ರಿಕೆಟ್ಟೆಲ್ಲ ಅಲ್ಲೇ. ಇನ್ನು ಬೆನನ್ ಸ್ಮಿತ್ ಹೈಸ್ಕೂಲಿನ ಬೇರು ಲಂಡನ್ ಮಿಷನ್ನಿನದು. ಜೋಸೆಫ್ ಟೇಲರ್ ಎಂಬ ಪಾದ್ರಿ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲೆಸಿದ. ಅವನ ನಂತರದ ಬೆನನ್ ಮತ್ತು ಸ್ಮಿತ್ ಎಂಬ ಇಬ್ಬರ ಹೆಸರನ್ನು ಶಾಲೆ ಇಂದಿಗೂ ಹೊತ್ತಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಮಿಷನ್ನಿನ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಆದ್ದರಿಂದ ‘ಅಮೆರಿಕದವರ ಸಾಲಿ’ ಎಂಬ ಮಾತು ಬೆಳಗಾವಿಯ ಹಳಬರ ಕಿವಿಗೆ ಹೊಸದೇನಲ್ಲ.

ಆದರೆ ಈ ಊರಿನ ಶಾಲೆಗಳಲ್ಲೆಲ್ಲ ನಿಂತು ಕೇಳಬೇಕಾದ ಕಥೆ ಗಿಲಗಂಚಿ ಅರಟಾಳ ಹೈಸ್ಕೂಲಿನದು. ಊರಿನವರ ಬಾಯಲ್ಲಿ ಅದು ಜಿ.ಎ. ಹೈಸ್ಕೂಲು. ಪೂರ್ಣ ಹೆಸರನ್ನು ಅಲ್ಲಿ ಕಲಿತವರಲ್ಲೇ ಎಷ್ಟೋ ಜನ ಥಟ್ಟನೆ ಹೇಳಲಾರರು!

ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಚೇರಿ, ಕೋರ್ಟು, ಶಾಲೆಗಳಲ್ಲಿ ಕನ್ನಡದ ಒಕ್ಕಲು ಮಕ್ಕಳು ಅಪರೂಪ. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು ಧಾರವಾಡದಲ್ಲಿ ಕೂಡಿಸಿದ ವಿದ್ಯಾನಿಧಿಯಿಂದ ಕೆಲವು ಬಡ ಹುಡುಗರು ದೂರದ ಕಾಲೇಜುಗಳಿಗೆ ಹೋಗಿ ಪದವಿ ಪಡೆಯುವಂತಾಯಿತು. ಪದವಿ ಪಡೆದವರಿಗೆ ಸರಕಾರಿ ನೌಕರಿ ಕಾದಿರುತ್ತಿದ್ದ ಕಾಲ ಅದು. ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ, ಎಚ್.ಎಫ್. ಕಟ್ಟಿಮನಿ, ಬಿ.ಬಿ. ಮಮದಾಪುರ, ಬಿ.ಎಸ್. ಹಂಚಿನಾಳ, ಪಿ.ಆರ್. ಚಿಕ್ಕೋಡಿ, ವಿ.ವಿ. ಪಾಟೀಲ ಈ ಏಳು ಜನ ಕೂಡಿ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ತೆರೆದರು. ಅದೇ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆ.ಎಲ್.ಇ. ಸಂಸ್ಥೆಯ ಹುಟ್ಟು. ಜನ ಅವರನ್ನು ‘ಸಪ್ತರ್ಷಿಗಳು’ ಎಂದು ಕರೆದರು. ಪುಣೆಯ ಡೆಕ್ಕನ್ ಶಿಕ್ಷಣ ಸಂಸ್ಥೆಯಲ್ಲಿ ಆಗಲೇ ರೂಢಿಯಲ್ಲಿದ್ದ ಆಜೀವ ಸದಸ್ಯತ್ವದ ಪದ್ಧತಿ ಇಲ್ಲಿಗೂ ಬಂತು. ಆಜೀವ ಸದಸ್ಯನೆಂದರೆ ಕಡಿಮೆ ಸಂಬಳಕ್ಕೆ ಜೀವಮಾನವನ್ನೇ ಸಂಸ್ಥೆಗೆ ಬರೆದುಕೊಟ್ಟ ಮಾಸ್ತರ. ಈ ಮಾಸ್ತರರ ಮಟ್ಟ ಎಂಥದೆಂದರೆ ಅವರಲ್ಲೊಬ್ಬರಾದ ಬಸವನಾಳರು 1944ರಲ್ಲಿ ರಬಕವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆಂದು ಬಿಟ್ಟುಹೋದವರು. ಅವರ ಹೆಸರಿನ ಲಿಂಗರಾಜ ಕಾಲೇಜು 1933ರಲ್ಲಿ ಬಂತು. ವಂಟಮುರಿಯ ರಾಜಾ ಲಖಮಗೌಡರ ದಾನದಿಂದ ವಿಜ್ಞಾನ ಕಾಲೇಜು ಬೆಳೆಯಿತು. 1947ರಲ್ಲಿ ಹುಬ್ಬಳ್ಳಿಗೆ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಗೆ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು. ಇಂದು ಆಸ್ಪತ್ರೆಯ ಎತ್ತರದ ಕಟ್ಟಡ ನೋಡಿ ಕೆ.ಎಲ್.ಇ. ಎಂದರೆ ಡಾಕ್ಟರರ ಸಂಸ್ಥೆ ಎಂದುಕೊಳ್ಳುವ ಮಕ್ಕಳಿದ್ದಾರೆ. ಅದರ ಬೀಜ ಒಂದು ಹೈಸ್ಕೂಲು.

ಈಗ ಬೆಳಗಾವಿಯ ಮನೆಗಳಲ್ಲಿ ಅಮೆರಿಕದ ಶಾಲೆಯ ಮಾತು ಬೇರೆ ಕಾರಣಕ್ಕೆ ಬರುತ್ತದೆ. ಮಗ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುತ್ತಾನೆ, ಅಜ್ಜ ಅಜ್ಜಿ ಆರು ತಿಂಗಳು ಹೋಗಿ ಬರುತ್ತಾರೆ. ಬಂದವರು ಹೇಳುವ ಮೊದಲ ಸುದ್ದಿ ಹಳದಿ ಬಸ್ಸಿನದು. ಆ ಹಳದಿ ಬಣ್ಣವನ್ನು ದೇಶಕ್ಕೆಲ್ಲ ಒಂದೇ ಎಂದು ನಿಗದಿ ಮಾಡಿದ್ದು 1939ರಲ್ಲಿ. ಬಸ್ಸು ಮನೆಯ ಹತ್ತಿರ ಬರುತ್ತದೆ, ಫೀ ಇಲ್ಲ, ಹನ್ನೆರಡನೆಯ ತರಗತಿಯವರೆಗೂ ಸರಕಾರಿ ಶಾಲೆಯೇ. ಅಲ್ಲಿ ಮೊದಲ ಸಾರ್ವಜನಿಕ ಹೈಸ್ಕೂಲು ಬಾಸ್ಟನ್ನಿನಲ್ಲಿ ತೆರೆದದ್ದು 1821ರಲ್ಲಿ, ಟೇಲರ್ ಬೆಳಗಾವಿಗೆ ಬಂದ ಮರುವರ್ಷ. ಹೈಸ್ಕೂಲಿಗೆ ಜನರ ತೆರಿಗೆಯ ಹಣ ಹಾಕಬಹುದೇ ಎಂಬ ತಕರಾರು ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1874ರ ಕಲಮಜೂ ಮೊಕದ್ದಮೆಯಲ್ಲಿ ‘ಹಾಕಬಹುದು’ ಎಂದು ತೀರ್ಪಾಯಿತು.

ಅಜ್ಜ ಅಜ್ಜಿ ಹೇಳದ ಇನ್ನೊಂದು ಸಂಗತಿಯೂ ಇದೆ. ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಮನೆ, ಜಾಗಗಳ ಮೇಲಿನ ಕರದಿಂದ ಬರುತ್ತದೆ. ಶ್ರೀಮಂತರ ಉಪನಗರದ ಶಾಲೆಗೆ ಈಜುಕೊಳವೂ ಇರಬಹುದು, ಬಡವರ ಕೇರಿಯ ಶಾಲೆಯಲ್ಲಿ ಮಾಸ್ತರರೇ ನಿಲ್ಲಲಿಕ್ಕಿಲ್ಲ. ಅದಕ್ಕೇ ನಮ್ಮ ಕಡೆಯ ಹುಡುಗರು ಅಲ್ಲಿ ಮನೆ ಕೊಳ್ಳುವ ಮೊದಲು ಆ ಓಣಿ ಯಾವ ಶಾಲೆಯ ಹದ್ದಿಗೆ ಸೇರಿದೆ ಎಂದು ವಿಚಾರಿಸುತ್ತಾರೆ. ಅಲ್ಲಿ ಶಾಲೆಗಾಗಿ ಮನೆ ಬದಲಿಸುತ್ತಾರೆ, ಇಲ್ಲಿ ಮನೆ ಬದಲಿಸಲಾಗದವರು ಬಸ್ಸು ಹತ್ತುತ್ತಾರೆ. ಹೀಗೆ ನೋಡಿದರೆ ಖಾನಾಪುರದ ಪಾಲಕರಿಗೂ ಅಮೆರಿಕದ ಪಾಲಕರಿಗೂ ಅಂತರ ಅಷ್ಟೇನೂ ಇಲ್ಲ.

ಬಸ್ಸು ಹತ್ತಲು ಖಾನಾಪುರದವರಿಗೆ ಇನ್ನೊಂದು ಕಾರಣ ಭಾಷೆ. ಈ ತಾಲೂಕಿನ ಪೂರ್ವದ ಬೀಡಿ, ಇಟಗಿ, ಪಾರಿಶ್ವಾಡಗಳ ಕಡೆ ಕನ್ನಡ. ಪಶ್ಚಿಮದ ಕಾಡಂಚಿಗೆ ಹೋದಂತೆ ಮನೆಮಾತು ಮರಾಠಿ, ಕೊಂಕಣಿ. ಪೇಟೆಯಲ್ಲಿ ಉರ್ದುವೂ ಉಂಟು. ಕರ್ನಾಟಕ ಸರಕಾರ ಇಷ್ಟೂ ಜನರಿಗೆ ಕನ್ನಡ, ಮರಾಠಿ, ಉರ್ದು, ಇಂಗ್ಲಿಷು ಎಂದು ಬೇರೆ ಬೇರೆ ಮಾಧ್ಯಮದ ಪುಸ್ತಕ ಅಚ್ಚು ಹಾಕಿಸುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ತಮ್ಮ ಮಾಧ್ಯಮದಲ್ಲೇ ಬರೆಯಬಹುದು. ಗಡಿಯ ರಾಜಕಾರಣದ ಗದ್ದಲದಲ್ಲಿ ಈ ಒಳ್ಳೆಯ ಕೆಲಸವನ್ನು ಎರಡೂ ಕಡೆಯವರು ಹೇಳುವುದು ಕಡಿಮೆ.

ತೊಡಕು ಹುಟ್ಟುವುದು ಹತ್ತನೆಯ ಇಯತ್ತೆ ಮುಗಿದ ಮೇಲೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆಗೆ ಕನ್ನಡದ ಹುಡುಗ ‘ದ್ಯುತಿಸಂಶ್ಲೇಷಣೆ’ ಎನ್ನುತ್ತಾನೆ, ಮರಾಠಿ ಶಾಲೆಯ ಹುಡುಗಿ ‘ಪ್ರಕಾಶ ಸಂಶ್ಲೇಷಣ’ ಎನ್ನುತ್ತಾಳೆ, ಉರ್ದು ಶಾಲೆಯಲ್ಲಿ ಅದು ‘ಜಿಯಾಈ ತಾಲೀಫ್’. ಒಬ್ಬನ ‘ವೇಗೋತ್ಕರ್ಷ’ ಇನ್ನೊಬ್ಬಳ ‘ತ್ವರಣ’. ಮೂವರೂ ಅರ್ಥ ತಿಳಿದೇ ಕಲಿತಿರುತ್ತಾರೆ. ಪಿಯುಸಿ ವಿಜ್ಞಾನದ ಮೊದಲ ವಾರ ಮೂವರೂ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಫಳಿಯ ಮೇಲೆ ‘ಫೋಟೋಸಿಂಥೆಸಿಸ್’, ‘ಆಕ್ಸಿಲರೇಷನ್’ ಎಂದು ಬೀಳುತ್ತದೆ. ಗೊತ್ತಿದ್ದದ್ದೂ ಗೊತ್ತಿಲ್ಲದ್ದಾಗುವ ಗಳಿಗೆ ಅದು. ನೂರಕ್ಕೆ ತೊಂಬತ್ತು ಅಂಕ ತಂದ ಮಗು ಮೊದಲ ಕಿರುಪರೀಕ್ಷೆಯಲ್ಲಿ ಮೂವತ್ತಕ್ಕೆ ಇಳಿದು, ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗುತ್ತೇನೆಂದು ಅಳುತ್ತದೆ. ಕಲಾ ವಿಭಾಗ ಕೀಳೆಂದಲ್ಲ. ಹೆದರಿ ಹೋಗುವುದು ಬೇರೆ, ಮೆಚ್ಚಿ ಹೋಗುವುದು ಬೇರೆ.

“ಕನ್ನಡದಾಗ ಛಲೋ ಓದತಾನ್ರೀ ಸರ, ಮುಂದ ಇಂಗ್ಲಿಷಿನ್ಯಾಗ ಹೆಂಗ ಮಾಡೋದ್ರೀ?” ಎಂಬುದು ಪಾಲಕರ ಸಭೆಯಲ್ಲಿ ಪ್ರತಿವರ್ಷ ಏಳುವ ಪ್ರಶ್ನೆ. ಅದಕ್ಕೆ ಉತ್ತರವೆಂದು ಹಲವರು ಮಗುವನ್ನು ಒಂದನೆಯ ಇಯತ್ತೆಗೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಬಿಡುತ್ತಾರೆ. ಆಗ ‘ಫೋಟೋಸಿಂಥೆಸಿಸ್’ ಎಂಬ ಶಬ್ದ ಬರುತ್ತದೆ, ಅಂಗಳದ ತುಳಸಿಗೂ ಅದಕ್ಕೂ ಏನು ಸಂಬಂಧ ಎಂಬುದು ಎಷ್ಟೋ ಸಲ ಬರುವುದಿಲ್ಲ. ಎಂಟು, ಒಂಬತ್ತರ ವಿಜ್ಞಾನದಲ್ಲೇ ದಿನಕ್ಕೆ ಎರಡು ಇಂಗ್ಲಿಷ್ ಪಾರಿಭಾಷಿಕ ಶಬ್ದಗಳನ್ನು ಕನ್ನಡ ಅಥವಾ ಮರಾಠಿ ಶಬ್ದದ ಪಕ್ಕದಲ್ಲಿ ಫಳಿಯ ಮೇಲೆ ಬರೆಯುವ ಮಾಸ್ತರರಿದ್ದಾರೆ. ಮೂರು ವರ್ಷಕ್ಕೆ ಸಾವಿರ ಶಬ್ದ ದಾಟುತ್ತವೆ. ಇದಕ್ಕೆ ಬೇಕಾದ ಖರ್ಚು ಒಂದು ನೂರು ಪುಟದ ನೋಟುಬುಕ್ಕು.

ಇಷ್ಟೆಲ್ಲ ಹೈಸ್ಕೂಲಿಗೆ ಬಂದವರ ಮಾತಾಯಿತು. ಬಾರದವರ ಮಾತು ಭೀಮಗಡದ ಕಾಡಿನಲ್ಲಿದೆ. ಗವ್ವಾಳಿ, ಪಾಸ್ತೊಳಿ, ಕೊಂಗಳಾ, ಕೃಷ್ಣಾಪುರ, ಆಮಗಾಂವ, ತಳೇವಾಡಿ, ದೇಗಾಂವ. ಸಹ್ಯಾದ್ರಿಯ ನೆತ್ತಿಯ ಮೇಲಿನ ಈ ಹಳ್ಳಿಗಳ ಸುತ್ತಲ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ದೇಗಾಂವದ ಬಳಿ ಮಹದಾಯಿ ಹುಟ್ಟುತ್ತಾಳೆ, ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಒಬ್ಬಳು ಪಶ್ಚಿಮಕ್ಕೆ, ಒಬ್ಬಳು ಪೂರ್ವಕ್ಕೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಬೀಳುವ ಮಳೆಯ ಸಣ್ಣದೊಂದು ಪಾಲು ಸವದತ್ತಿಯ ಕಡೆ ಬಿದ್ದರೆ ಅಲ್ಲಿನ ರೈತ ಕೈಮುಗಿದಾನು. ತಳೇವಾಡಿಯ ಹತ್ತಿರದ ಬಾರಾಪೇಡೆ ಗುಹೆಯಲ್ಲಿ ರೌಟನ್ ಹೆಸರಿನ ಅಪರೂಪದ ಬಾವಲಿ ವಾಸಿಸುತ್ತದೆ. ಬಹುಕಾಲ ಜಗತ್ತಿನಲ್ಲಿ ಇದೊಂದೇ ಗುಹೆಯಲ್ಲಿದೆ ಎಂದು ತಿಳಿದಿದ್ದರು, ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡಿತು. ಈ ಬಾವಲಿಯನ್ನು ನೋಡಲು ವಿಜ್ಞಾನಿಗಳು ದೂರದಿಂದ ಬಂದರು. ಅದೇ ಕಾಡಿನ ಮಗು ಜೀವಶಾಸ್ತ್ರ ಓದಲು ಕಾಡು ಇಳಿದು ಬರಬೇಕು.

ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ, ಅಂದರೆ ಎಂಟನೆಯ ಇಯತ್ತೆಯವರೆಗೆ ಹೊಣೆ ಹೊರುತ್ತದೆ. ನಮ್ಮ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳಕ್ಕೇ ಮುಗಿಯುತ್ತದೆ, ಎಂಟು ಹೈಸ್ಕೂಲಿನ ಪಾಲು. ಈ ಏಳು ಎಂಟರ ನಡುವಿನ ಸಂದಿನಲ್ಲೇ ಮಕ್ಕಳು ಜಾರುವುದು. 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಪ್ರತಿ ಊರಿಗೂ ಐದು ಕಿಲೋಮೀಟರಿನೊಳಗೆ ಹೈಸ್ಕೂಲು ಇರಬೇಕೆಂದು ಗುರಿ ಇಟ್ಟಿತು. ಬಯಲುಸೀಮೆಯಲ್ಲಿ ಐದು ಕಿಲೋಮೀಟರು ಎಂದರೆ ಸೈಕಲ್ ದಾರಿ. ಇಲ್ಲಿ ಅದು ಹಳ್ಳ, ಜಿಗಣೆ, ಕರಡಿ. ಎಂಟನೆಯ ತರಗತಿಯವರಿಗೆ ಸರಕಾರ 2006ರಿಂದ ಸೈಕಲ್ ಕೊಡತೊಡಗಿದಾಗ (ಕೋವಿಡ್ ಬಂದ ಮೇಲೆ ವಿತರಣೆ ನಿಂತಿತು) ಪೂರ್ವದ ಹಳ್ಳಿಗಳ ಹುಡುಗಿಯರ ನಸೀಬು ಬದಲಾಯಿತು. ಕಾಡಿನ ಹಳ್ಳಿಗಳಿಗೆ ಸೈಕಲ್ಲಿನಿಂದ ಹೆಚ್ಚಿನ ಉಪಯೋಗವಾಗಲಿಲ್ಲ. ಅಲ್ಲಿನ ಮಕ್ಕಳು ಹೈಸ್ಕೂಲು ಓದಬೇಕಾದರೆ ಸಂಬಂಧಿಕರ ಮನೆಯಲ್ಲೋ ವಸತಿನಿಲಯದಲ್ಲೋ ಇರಬೇಕು. ಹನ್ನೆರಡು ಹದಿಮೂರರ ಮಗುವನ್ನು ಮನೆ ಬಿಟ್ಟು ಕಳಿಸುವ ಧೈರ್ಯ ಎಲ್ಲ ತಾಯಂದಿರಿಗೂ ಬರುವುದಿಲ್ಲ.

ಕಾಡಿನೊಳಗೆ ರಸ್ತೆ ಮಾಡಿದರೆ ಪ್ರಾಣಿಗಳಿಗೆ ಕೇಡು, ಮಾಡದಿದ್ದರೆ ಮಕ್ಕಳಿಗೆ. ಇದು ಸುಲಭದ ಲೆಕ್ಕವಲ್ಲ. ತಳೇವಾಡಿಯ ಕುಟುಂಬಗಳು ಪರಿಹಾರ ಪಡೆದು ಸ್ವಇಚ್ಛೆಯಿಂದ ಹೊರಬರುವ ಕೆಲಸ 2025ರಲ್ಲಿ ಶುರುವಾಯಿತು. ಉಳಿದ ಹಳ್ಳಿಗಳಲ್ಲಿ ಹೋಗುವವರು, ಹೋಗುವುದಿಲ್ಲ ಎನ್ನುವವರು ಇಬ್ಬರೂ ಇದ್ದಾರೆ. ಹೊಲ, ದೇವರು, ಹಿರಿಯರ ಸಮಾಧಿಗಳನ್ನು ಬಿಡುವ ಸಂಕಟ ಒಂದು ಕಡೆ, ಮಕ್ಕಳ ಶಾಲೆ ಮತ್ತು ದವಾಖಾನೆ ಇನ್ನೊಂದು ಕಡೆ. ಹಣದ ಮಾತಿಗಿಂತ ಹೈಸ್ಕೂಲಿನ ಮಾತಿಗೆ ತಲೆದೂಗುವವರು ಅಲ್ಲಿ ಹೆಚ್ಚು ಎಂದರೆ ಆಶ್ಚರ್ಯಪಡಬೇಕಿಲ್ಲ.

ಸಂಜೆ ಐದರ ನಂತರ ಖಾನಾಪುರದ ನಿಲ್ದಾಣ ಮತ್ತೆ ತುಂಬುತ್ತದೆ. ಬೆಳಗಾವಿಯಿಂದ ಬಂದವರು ಇಳಿದು ಚುರುಮುರಿ ತಿನ್ನುತ್ತ ಮನೆಗೆ ನಡೆಯುತ್ತಾರೆ. ಜಾಂಬೋಟಿಯ ಕಡೆಯವರು, ಹೆಮ್ಮಡಗೆಯ ಕಡೆಯವರು ಬೋರ್ಡು ನೋಡುತ್ತ ನಿಲ್ಲುತ್ತಾರೆ. ಬಸ್ಸು ಬರುವವರೆಗೆ ಒಬ್ಬ ಹುಡುಗಿ ನಿಲ್ದಾಣದ ಕಟ್ಟೆಯ ಮೇಲೆ ಕೂತು ನೋಟುಬುಕ್ಕಿನಲ್ಲಿ ಏನೋ ಗೀಚುತ್ತಾಳೆ. ಎಡಕ್ಕೊಂದು ಶಬ್ದ, ಬಲಕ್ಕೊಂದು ಶಬ್ದ. ಬಸ್ಸು ತಡವಾದ ದಿನ ಎರಡರ ಬದಲು ನಾಲ್ಕು ಬರೆದು ಮುಗಿಸುತ್ತಾಳೆ.