ಬಿಸಿಲ ಹಂಪೆಯಲ್ಲಿ ನಾಲ್ಕು ದಿನ

"ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂಬ ಗಾದೆಯನ್ನು ನಮ್ಮ ತಾಯಿಯವರು ನಮ್ಮ ಬಾಲ್ಯದಿಂದಲೂ ಹೇಳುತ್ತ ಬಂದಿದ್ದರು. ಅವರು ಹಂಪೆಯನ್ನಾಗಲಿ ಕನಕಗಿರಿಯನ್ನಾಗಲಿ ಕಂಡವರಲ್ಲ. ಪಲ್ಲಡದ ಆಚೆ ಮಗ್ಗಗಳ ಬೀದಿಯೊಂದರಲ್ಲಿ ಹುಟ್ಟಿ, ಅಂಥದೇ ಇನ್ನೊಂದು ಬೀದಿಗೆ ಸೊಸೆಯಾಗಿ ಬಂದು, ನೂಲು ಸುತ್ತುತ್ತ ಆಯುಷ್ಯ ಕಳೆದವರು. ಕಳೆದ ಯುಗಾದಿಯ ದಿನ ಊಟಕ್ಕೆ ಕುಳಿತಾಗ ಅವರು, "ಕಾಲೂ ಹೋಗುತ್ತಿದೆ, ಕಣ್ಣೂ ಹೋಗುತ್ತಿದೆ. ಇನ್ನು ಯಾವುದನ್ನು ಯಾವಾಗ ನೋಡುವುದಪ್ಪ?" ಎಂದರು. ನಾವು ಉತ್ತರ ಕೊಡಲಾಗದೆ ಅಂದೇ ಹಂಪೆಯ ಪ್ರಯಾಣವನ್ನು ನಿಶ್ಚಯಿಸಿದೆವು.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನಿಗೆ ನಾಲ್ಕು ದಿನ ಒಟ್ಟಿಗೆ ಬಿಡುವು ಸಿಗುವುದು ಮೇ ತಿಂಗಳಲ್ಲಿ ಮಾತ್ರ. ಹಂಪೆಗೆ ಜನ ಹೋಗುವುದೋ ಕಾರ್ತಿಕದಿಂದ ಮಾಘದವರೆಗಿನ ತಂಪು ಕಾಲದಲ್ಲಿ. "ಬೇಸಗೆಯಲ್ಲಿ ಹಂಪೆಗೆ ಹೋಗುವುದೆಂದರೆ ಕಾದ ಹೆಂಚಿನ ಮೇಲೆ ನಡೆದಂತೆ" ಎಂದು ಬಂಧುಗಳು ಎಚ್ಚರಿಸಿದರು. ಆದರೂ ತಾಯಿಯವರು, ನಮ್ಮ ಗೃಹಿಣಿ, ಕಾಲೇಜಿನ ಮೊದಲ ವರ್ಷ ಮುಗಿಸಿದ್ದ ಕಿರಿಯ ಮಗಳು ಮತ್ತು ನಾವು, ಎರಡು ಕೊಡೆ ಹಾಗೂ ಒಂದು ದೊಡ್ಡ ನೀರಿನ ಕೊಡದೊಡನೆ ಹೊರಟೆವು. ಕೊಯಮತ್ತೂರಿನಿಂದ ಹಗಲು ರೈಲಿನಲ್ಲಿ ಬೆಂಗಳೂರು. ಅಲ್ಲಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಹಂಪೆ ಹದಿಮೂರು ಕಿಲೋಮೀಟರು. ಬಸ್ಸುಗಳು ಧಾರಾಳವಾಗಿವೆ.

ಹೊಸಪೇಟೆಯ ವಸತಿಗೃಹದವನು ನಮ್ಮನ್ನು ಕಂಡು ಆಶ್ಚರ್ಯಪಟ್ಟನು. ಚಳಿಗಾಲದಲ್ಲಿ ತಿಂಗಳ ಮೊದಲೇ ತಿಳಿಸದಿದ್ದರೆ ದೊರೆಯದ ಕೋಣೆ ನಮಗೆ ಕಡಿಮೆ ಬಾಡಿಗೆಗೆ ಕೂಡಲೇ ದೊರೆಯಿತು. ಹಂಗಾಮು ತಪ್ಪಿ ಬಂದವನಿಗೆ ದೊರೆಯುವ ಮೊದಲ ಲಾಭ ಇದು. ಎರಡನೆಯ ಲಾಭದ ಅರಿವು ನಮಗೆ ಆಗುವ ಮೊದಲು ಒಂದು ಪೆಟ್ಟು ಬೀಳಬೇಕಾಗಿತ್ತು.

ಮೊದಲ ದಿನ ಅವಸರಪಟ್ಟೆವು. ವಿರೂಪಾಕ್ಷನ ದರ್ಶನ ಮುಗಿಸಿ, ಹೇಮಕೂಟವನ್ನು ಹತ್ತಿಳಿದು, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಕೃಷ್ಣ ದೇವಾಲಯ, ಉಗ್ರನರಸಿಂಹ ಎಂದು ಪಟ್ಟಿ ಹಿಡಿದು ನಡೆದೆವು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಒಯ್ದು ರೂಢಿಯಾದವರಿಗೆ ಇದೊಂದು ರೋಗ: ಎಣಿಕೆ ಸರಿಯಾದರೆ ನೋಡಿದ್ದಾಯಿತೆಂಬ ತೃಪ್ತಿ. ಹನ್ನೊಂದೂವರೆಯ ಹೊತ್ತಿಗೆ ಬಂಡೆಗಳು ಕಾಲಿನ ಕೆಳಗೂ ಎರಡು ಪಕ್ಕದಲ್ಲೂ ಉರಿಯತೊಡಗಿದವು. ಒಂದೇ ಶಿಲೆಯಲ್ಲಿ 1528ರಲ್ಲಿ ಕಡೆದ, ಆರೂಮುಕ್ಕಾಲು ಮೀಟರು ಎತ್ತರದ ನರಸಿಂಹನ ಮುಂದೆ ನಾವು ಅಳತೆಗಳನ್ನು ವಿವರಿಸುತ್ತಿದ್ದಾಗ ತಾಯಿಯವರು ಸದ್ದಿಲ್ಲದೆ ನೆಲಕ್ಕೆ ಕುಳಿತರು. ಮುಖ ಬಿಳಿಚಿತ್ತು. ತಪ್ಪು ಸಂಪೂರ್ಣವಾಗಿ ನಮ್ಮದು.

ಮರದ ನೆರಳಿನಲ್ಲಿ ಮಜ್ಜಿಗೆ ಮಾರುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಅವರನ್ನು ಎಬ್ಬಿಸಿ, ನೆರಳಿಗೆ ಕರೆದೊಯ್ದು, ಒದ್ದೆ ಬಟ್ಟೆಯನ್ನು ನೆತ್ತಿಗೆ ಹಾಕಿದಳು. ಎರಡು ಲೋಟ ಮಜ್ಜಿಗೆ ಒಳಗೆ ಹೋದ ಮೇಲೆ ತಾಯಿಯವರು ಚೇತರಿಸಿಕೊಂಡು ಮಾತಿಗೆ ತೊಡಗಿದರು. ಆಕೆ ಸ್ವಲ್ಪ ಹೊತ್ತು ಕೇಳಿ, "ಯಾವೂರ್ರೀ ನಿಮ್ದು?" ಎಂದಳು. ಕೊಯಮತ್ತೂರ ಕಡೆಯೆಂದೆವು. "ತಮಿಳ್ರಾದ್ರೂ ಕನ್ನಡ ಚೊಲೋ ಕಲ್ತೀರಿ" ಎಂದು ಮೆಚ್ಚಿಕೊಂಡಳು.

ತಾಯಿಯವರ ದಣಿವೆಲ್ಲ ಒಮ್ಮೆಗೆ ಇಳಿಯಿತು. "ಕಲಿತದ್ದಲ್ಲಮ್ಮ, ಹಾಲಿನ ಜೊತೆ ಕುಡಿದದ್ದು" ಎಂದು ನೆಟ್ಟಗೆ ಕುಳಿತರು. ಆಮೇಲೆ ಇಬ್ಬರಿಗೂ ಮಾತು ನಿಲ್ಲಲಿಲ್ಲ. ಆಕೆಯ ತವರಿನಲ್ಲಿಯೂ ಹಿಂದೆ ಮಗ್ಗವಿತ್ತಂತೆ. ಮಗ್ಗದ ಗುಂಡಿ, ಲಾಳಿ, ಹಾಸು, ಹೊಕ್ಕು, ಗಂಜಿ ಎಂದು ಇವರು ಒಂದು ಮಾತು ಹೇಳಿದರೆ ಆಕೆ ಇನ್ನೊಂದು ಹೇಳುವಳು. ಅಡುಗೆಯ ಮಾತಿನಲ್ಲಿ, ನೆಂಟಸ್ತಿಕೆಯ ಮಾತಿನಲ್ಲಿ ನಮ್ಮ ಕನ್ನಡಕ್ಕೆ ತಮಿಳು ಬೆರೆತಿದೆ. ಅವರದಕ್ಕೆ ಬೇರೆ ಏನೇನೋ ಬೆರೆತಿದೆ. ಮಗ್ಗದ ಮಾತು ಮಾತ್ರ ಎರಡು ಕಡೆಯೂ ಒಂದೇ. ನಮ್ಮ ಹಿರಿಯರು ವಿಜಯನಗರದ ಸೀಮೆಯಿಂದ ಬಂದವರೆಂದು ಮನೆಗಳಲ್ಲಿ ಹೇಳುವುದುಂಟು. ದಾಖಲೆ ನಮ್ಮ ಕೈಯಲ್ಲಿಲ್ಲ. ಆದರೆ ಆ ಮರದಡಿಯಲ್ಲಿ ನಮಗೆ ದಾಖಲೆ ಬೇಕೆನಿಸಲಿಲ್ಲ.

ಅಷ್ಟರಲ್ಲಿ ಆಕೆ ಮಗಳನ್ನು ಕರೆದು, ಎದುರಿನ ಫಲಕದಲ್ಲಿ ಏನು ಬರೆದಿದೆಯೆಂದು ಅಜ್ಜಿಗೆ ಓದಿ ಹೇಳೆಂದಳು. ಮಗಳು ಇಂಗ್ಲಿಷನ್ನು ನೋಡಿ ಅರ್ಥ ಹೇಳಿದಳು. "ಮಾತು ಬರ್ತೈತಿ, ಓದಾಕ ಬರಂಗಿಲ್ಲೇನು?" ಎಂದು ಆಕೆ ಸಹಜವಾಗಿ ಕೇಳಿದಳು. ಮಗಳು ನಮ್ಮ ಮುಖ ನೋಡಿದಳು. ನಾವು ಫಲಕದ ಕಡೆಗೆ ನೋಡಿದೆವು.

ವಾಚಕರಲ್ಲಿ ಮುಚ್ಚಿಡುವುದೇನು? ಉಪಾಧ್ಯಾಯರ ತರಬೇತಿ ಪಡೆದು, ಮೂವತ್ತು ವರ್ಷ ಊರ ಮಕ್ಕಳಿಗೆ ತಮಿಳಿನ ಅಕ್ಷರಗಳನ್ನು ತಿದ್ದಿಸಿದ್ದೇವೆ. ಅದು ನಮ್ಮ ವೃತ್ತಿ, ಅದರಲ್ಲಿ ನಮಗೆ ಅಭಿಮಾನವೂ ಇದೆ. ನಮಗೆ ಕನ್ನಡದ ಅಕ್ಷರವನ್ನು ನಮ್ಮ ತಂದೆಯವರು ಸಂಜೆಯ ಹೊತ್ತು ಮಗ್ಗದ ಪಕ್ಕದಲ್ಲಿ ಮರಳಿನ ಮೇಲೆ ಬರೆಸಿದ್ದರು. ಅದನ್ನು ಮಕ್ಕಳಿಗೆ ದಾಟಿಸುವ ಕೆಲಸವನ್ನು ಮಾತ್ರ "ಪರೀಕ್ಷೆ ಮುಗಿಯಲಿ, ರಜೆ ಬರಲಿ" ಎಂದು ಮುಂದೂಡುತ್ತ ಬಂದೆವು. ಈ ಪತ್ರಿಕೆ ಮನೆಗೆ ಬಂದಾಗ ನಾವು ಓದಿ ಹೇಳುವುದು, ಉಳಿದವರು ಕೇಳುವುದು ವಾಡಿಕೆ. ನಾವಿಲ್ಲದ ಕಾಲಕ್ಕೆ ಓದಿ ಹೇಳುವವರಾರೆಂಬ ಪ್ರಶ್ನೆಯನ್ನು ಮಜ್ಜಿಗೆಯವಳು ನಮ್ಮ ಮುಂದೆ ತಂದಿಟ್ಟಳು.

ಅಂದು ರಾತ್ರಿ ಪಟ್ಟಿಯನ್ನು ಹರಿದುಹಾಕಿದೆವು. ಮರುದಿನದಿಂದ ಕ್ರಮವೇ ಬೇರೆ. ಬೆಳಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಒಂದೇ ಕಡೆ. ನಡುಹಗಲು ಮಂಟಪದ ತಂಪಿನಲ್ಲಿ ಇಲ್ಲವೆ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ. ಸಂಜೆ ಐದರ ಮೇಲೆ ಮತ್ತೊಂದೇ ಕಡೆ. ಆಗಲೇ ನಮಗೆ ಎರಡನೆಯ ಲಾಭ ತಿಳಿದದ್ದು. ಜನಸಂದಣಿಯಿಲ್ಲದ ಊರಿನಲ್ಲಿ ಯಾರೂ ನಮ್ಮನ್ನು ಮುಂದೆ ತಳ್ಳುವುದಿಲ್ಲ. ಒಂದು ಕಲ್ಲಿನ ಮುಂದೆ ಅರ್ಧ ಗಂಟೆ ನಿಂತರೂ ಕೇಳುವವರಿಲ್ಲ.

ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಕೋಣೆಯೊಂದರಲ್ಲಿ ಮೂಡಣ ದಿಕ್ಕಿನ ಮಹಾಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ಹಲವರು ಬಲ್ಲರು. ಸುಮಾರು ಐವತ್ತು ಮೀಟರಿನ, ಒಂಬತ್ತು ನೆಲೆಗಳ ಆ ಗೋಪುರ ಅಂಗೈಯಗಲದ ಗೋಡೆಯಲ್ಲಿ ಅಡಗುತ್ತದೆ. ಸಣ್ಣ ಕಿಂಡಿಯ ಮೂಲಕ ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಗೂ ಕೆಳಗಿನದು ಮೇಲೂ ಕಾಣುವುದೆಂಬುದನ್ನು ನಾವು ಪ್ರತಿವರ್ಷ ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ತೂತು ಮಾಡಿ ಮಕ್ಕಳಿಗೆ ತೋರಿಸುತ್ತೇವೆ. ಬೇಸಗೆಯ ಬಿಸಿಲು ಪ್ರಖರವಾದಷ್ಟೂ ಬಿಂಬ ಸ್ಪಷ್ಟ. ನಮ್ಮನ್ನು ಸುಟ್ಟ ಬಿಸಿಲೇ ಇಲ್ಲಿ ದೀಪ ಹಿಡಿದಂತಿತ್ತು.

ಅದೇ ದೇವಾಲಯದ ರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1509-10ರ ಸುಮಾರಿಗೆ ಆದದ್ದು. ಅದರ ಎದುರಿಗಿರುವ ಶಾಸನದ ಕಲ್ಲಿನ ಬಳಿ ಮಗಳು ನಿಂತುಬಿಟ್ಟಳು. "ಇದು ಕನ್ನಡವೇ ಅಪ್ಪ?" ಎಂದಳು. ಕನ್ನಡವೂ ಇದೆಯೆಂದೆವು. ಹಳೆಯ ಅಕ್ಷರಗಳನ್ನು ಓದುವುದು ನಮಗೂ ಕಷ್ಟ. ಆದರೆ ಅಲ್ಲೊಂದು, ಇಲ್ಲೊಂದು ಅಕ್ಷರ ಗುರುತು ಸಿಕ್ಕಿತು. ಸಿಕ್ಕ ಅಕ್ಷರವನ್ನು ಅವಳು ತನ್ನ ಅಂಗೈಯ ಮೇಲೆ ಬೆರಳಿನಿಂದ ಬರೆದುಕೊಂಡಳು. ನಮ್ಮ ಪಾಠ ಅಲ್ಲಿಂದ ಆರಂಭವಾಯಿತು.

ಪಠ್ಯಪುಸ್ತಕವಿರಲಿಲ್ಲ, ದಾರಿಯ ಫಲಕಗಳೇ ಪುಸ್ತಕ. ಮೊದಲ ಪಾಠ "ಹಂಪಿ". ಎರಡನೆಯದು "ಕಮಲಾಪುರ". "ಗಜಶಾಲೆ"ಯ ಫಲಕದ ಮುಂದೆ ಒಂದು ವಿನೋದ ನಡೆಯಿತು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಆದ್ದರಿಂದ ಕನ್ನಡದಲ್ಲಿ ಬೇರೆ ಬೇರೆ ಅಕ್ಷರಗಳೇಕೆಂದು ಅವಳಿಗೆ ಬೇಸರ. "ನೀನು ಮನೆಯಲ್ಲಿ ಕಾಳು ಎನ್ನುವಾಗಲೂ ಗಾಳಿ ಎನ್ನುವಾಗಲೂ ಒಂದೇ ಸದ್ದು ಮಾಡುತ್ತೀಯಾ?" ಎಂದು ಕೇಳಿದೆವು. ಅವಳು ಎರಡನ್ನೂ ಮೆಲ್ಲನೆ ಹೇಳಿಕೊಂಡು ನಕ್ಕಳು. ಬಾಯಿಗೆ ಹುಟ್ಟಿನಿಂದ ಗೊತ್ತಿದ್ದ ಭೇದ ಕಣ್ಣಿಗೆ ಅಂದು ಗೊತ್ತಾಯಿತು. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಅರ್ಧ ಪಾಠ ಮೊದಲೇ ಆಗಿರುತ್ತದೆಂಬುದನ್ನು ಮೂವತ್ತು ವರ್ಷದ ಉಪಾಧ್ಯಾಯನಾದ ನಾವೂ ಅಲ್ಲಿಯೇ ಕಲಿತೆವು. ಹನ್ನೊಂದು ಗುಮ್ಮಟಗಳ ಆ ಗಜಶಾಲೆಯಲ್ಲಿ ಅಂದು ಆನೆಗಳೂ ಇಲ್ಲ, ಜನರೂ ಇಲ್ಲ. ತಾಯಿಯವರು ಎದುರಿನ ಹುಲ್ಲಿನ ಅಂಚಿನಲ್ಲಿ ಮರದ ನೆರಳು ಹಿಡಿದು ಕುಳಿತು ಮೊಮ್ಮಗಳಿಗೆ ಪರೀಕ್ಷೆ ಮಾಡುತ್ತಿದ್ದರು.

ಈ ಊರು ಒಂದು ಕಾಲಕ್ಕೆ ಹೀಗೆ ನಿಶ್ಶಬ್ದವಾಗಿರಲಿಲ್ಲ. 1336ರಲ್ಲಿ ಸ್ಥಾಪನೆಯಾಯಿತೆಂದು ಹೇಳುವ ರಾಜಧಾನಿಗೆ 1420ರ ಸುಮಾರಿಗೆ ಇಟಲಿಯ ವರ್ತಕ ನಿಕೊಲೊ ಕೊಂಟಿ ಬಂದಿದ್ದನು. 1443ರಲ್ಲಿ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ಬಂದನು. 1520ರ ಸುಮಾರಿಗೆ ಬಂದ ಪೋರ್ಚುಗೀಸನಾದ ಪಾಯೆಸ್ ಬೆಟ್ಟದ ಮೇಲಿಂದ ಊರನ್ನು ನೋಡಿ, ಇದು ರೋಮಿನಷ್ಟು ದೊಡ್ಡದೆಂದು ಬರೆದಿಟ್ಟನು. ರೋಮಿನಲ್ಲಿ ಹಳೆಯ ಕಲ್ಲುಗಳ ನಡುವೆ ಜನ ಇಂದಿಗೂ ಬಾಳುತ್ತಿದ್ದಾರೆ. ವಿಜಯನಗರವೋ 1565ರ ಜನವರಿಯ ಯುದ್ಧದ ಬಳಿಕ ತಿಂಗಳುಗಳಲ್ಲೇ ಬರಿದಾಯಿತು. ವಿರೂಪಾಕ್ಷನ ಮುಂದಿನ ಬೀದಿಯ ಕಲ್ಲುಮಂಟಪಗಳಲ್ಲಿ ಮತ್ತೆ ನೆಲೆಸಿದ್ದ ಕುಟುಂಬಗಳೂ 2011ರಲ್ಲಿ ಸ್ಮಾರಕರಕ್ಷಣೆಯ ಕಾರಣದಿಂದ ತೆರವಾದವು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತಾಣವನ್ನು ಕಾಯಬೇಕಾದುದು ನಿಜ. ಆದರೂ ಸಂಜೆಯ ಹೊತ್ತು ಆ ಉದ್ದನೆಯ ಬೀದಿಯಲ್ಲಿ ಒಂದು ಒಲೆಯ ಹೊಗೆಯೂ ಕಾಣದಿದ್ದಾಗ ತಾಯಿಯವರು, "ಮನೆ ಮುರಿದರೆ ಕಟ್ಟಬಹುದು, ಮಾತಾಡುವವರು ಹೋದರೆ ಕಷ್ಟ" ಎಂದರು.

ಕೃಷ್ಣ ದೇವಾಲಯಕ್ಕೆ ಮತ್ತೊಮ್ಮೆ ನಿಧಾನವಾಗಿ ಹೋದೆವು. ಉದಯಗಿರಿಯ ವಿಜಯದ ನೆನಪಿಗೆ ಕೃಷ್ಣದೇವರಾಯನು ಕಟ್ಟಿಸಿದ ಗುಡಿಯದು. ಅಲ್ಲಿದ್ದ ಬಾಲಕೃಷ್ಣನ ಮೂರ್ತಿ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ಹೀಗೇಕೆಂದು ಮಗಳು ಕೇಳಿದಳು. ಬಳ್ಳಾರಿ ಜಿಲ್ಲೆಯೂ ನಮ್ಮ ಕೊಯಮತ್ತೂರು ಜಿಲ್ಲೆಯೂ ಒಂದೇ ಮದರಾಸು ಪ್ರಾಂತದಲ್ಲಿದ್ದವು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ಕೊಯಮತ್ತೂರಿನ ಕೊಳ್ಳೇಗಾಲವೂ ಸೇರಿತು. ನಾವು ಇದ್ದಲ್ಲಿಯೇ ಉಳಿದೆವು. ಗಡಿ ನಮ್ಮನ್ನು ದಾಟಿತೇ ಹೊರತು ನಾವು ಗಡಿಯನ್ನು ದಾಟಲಿಲ್ಲ. ಇದು ದೂರಲ್ಲ, ಉಂಡ ಅನ್ನ, ಮಾಡಿದ ವೃತ್ತಿ ಎರಡೂ ಆ ನಾಡಿನವು. ಮಕ್ಕಳಿಗೆ ತಿಳಿದಿರಲೆಂದು ಹೇಳಿದೆವು.

ನಾಲ್ಕನೆಯ ದಿನ ವಿಠ್ಠಲ ದೇವಾಲಯ. ವಾಹನಗಳನ್ನು ದೂರದಲ್ಲಿಯೇ ನಿಲ್ಲಿಸುವರು. ಅಲ್ಲಿಂದ ಬ್ಯಾಟರಿಯ ಬಂಡಿ ಇರುವುದರಿಂದ ವೃದ್ಧರಿಗೆ ಚಿಂತೆಯಿಲ್ಲ. ಸ್ವರದ ಕಂಬಗಳನ್ನು ಮುಟ್ಟಲು ಈಗ ಅನುಮತಿಯಿಲ್ಲ. ಬೇಸಗೆಯಲ್ಲಿ ತುಂಗಭದ್ರೆ ತಗ್ಗಿರುವುದರಿಂದ, ಪ್ರವಾಹದಲ್ಲಿ ಮುಳುಗುವ ಪುರಂದರದಾಸರ ಮಂಟಪಕ್ಕೂ ಹೋಗಿ ಕುಳಿತೆವು. ಹೊಳೆಯಲ್ಲಿ ತೇಲುತ್ತಿದ್ದ ಹರಿಗೋಲನ್ನು ಕಂಡು ನಮ್ಮ ಗೃಹಿಣಿ, "ನಮ್ಮ ಭವಾನಿಯ ಪರಿಸಲು!" ಎಂದು ಸಂತೋಷಪಟ್ಟರು. ಹೆಸರು ಎರಡು, ಬುಟ್ಟಿ ಒಂದು.

ಕಲ್ಲಿನ ರಥದ ಮುಂದೆ ನಿಂತಾಗ ಮಗಳು ತನ್ನ ಚೀಲದಿಂದ ಐವತ್ತು ರೂಪಾಯಿಯ ನೋಟನ್ನು ತೆಗೆದು, ಅದರ ಹಿಂಬದಿಯ ಚಿತ್ರವನ್ನು ರಥದೊಡನೆ ಹೋಲಿಸಿ ನೋಡಿದಳು. 2017ರಿಂದ ಚಲಾವಣೆಯಲ್ಲಿರುವ ಈ ನೋಟು ಎಲ್ಲರ ಕೈಗೂ ಬಂದಿರುತ್ತದೆ. ಒಂದೇ ಕಲ್ಲಿನದೆಂದು ತೋರುವ ರಥ ಹಲವು ಕಲ್ಲುಗಳ ಜೋಡಣೆಯೆಂದು ನಾವು ವಿವರಿಸುತ್ತಿದ್ದೆವು. ಅವಳು ಕೇಳುತ್ತಿರಲಿಲ್ಲ. ನೋಟಿನ ಪಕ್ಕದಲ್ಲಿ ಹದಿನೈದು ಭಾಷೆಗಳ ಸಾಲು ಇದೆಯಷ್ಟೆ? ಮೇಲಿನಿಂದ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತ, "ಐ... ವ... ತ್ತು... ಐವತ್ತು ರೂಪಾಯಿಗಳು!" ಎಂದಳು. ನಾವು ಕಲಿಸದ ಒತ್ತಕ್ಷರವನ್ನು ಅವಳ ಬಾಯಿಯೇ ಊಹಿಸಿತ್ತು. ತಾಯಿಯವರು ಆ ನೋಟನ್ನು ಕೈಗೆ ತೆಗೆದುಕೊಂಡು, ಮಂಜಾದ ಕಣ್ಣಿಗೆ ಹತ್ತಿರ ಹಿಡಿದು, ಮೊಮ್ಮಗಳಿಗೆ ಹಿಂದಿರುಗಿಸಿ, "ಇದನ್ನು ಖರ್ಚು ಮಾಡಬೇಡ" ಎಂದರು.

ಹಂಗಾಮಿನಲ್ಲಿ ಹೋಗುವವರು ಹೋಗಲಿ. ಹಂಪೆ ಆಗಲೂ ಚೆನ್ನ. ಬೇಸಗೆಯಲ್ಲಿ ಹೋಗುವವರು ಕೊಡೆ, ನೀರು, ಕಾಲಿಗೆ ದಪ್ಪ ಮೆಟ್ಟು ಮರೆಯದಿರಲಿ. ನಡುಹಗಲು ನಡೆಯಬಾರದು; ವೃದ್ಧರನ್ನು ನಡೆಸಲೇಬಾರದು. ಒಂದು ದಿನದಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ. ಇನ್ನು ಹಂಪೆಗೆ ಹೋಗಲು ಆಗದ ಬಂಧುಗಳಿಗೂ ಒಂದು ಮಾತು: ಐವತ್ತರ ನೋಟು ಎಲ್ಲರ ಮನೆಯಲ್ಲಿಯೂ ಇದೆ. ಅದರ ನಾಲ್ಕನೆಯ ಸಾಲಿನಲ್ಲಿ ಕನ್ನಡ, ಹದಿಮೂರನೆಯ ಸಾಲಿನಲ್ಲಿ ತಮಿಳು. ಎರಡನ್ನೂ ಒಂದೇ ಕಾಗದದಲ್ಲಿ ಓದಬಲ್ಲ ಮಕ್ಕಳು ನಮ್ಮವು.

ಈ ಬರಹವನ್ನು ಅಂಚೆಗೆ ಹಾಕುವ ಮೊದಲು ಮಗಳು ಓದಿದಳು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಎರಡು ಕಡೆ ನಮ್ಮ ಕೈಬರಹ ತಿಳಿಯಲಿಲ್ಲವೆಂದು ದೂರಿದಳು. ದೂರು ನ್ಯಾಯವಾದದ್ದೇ ಆಗಿದ್ದುದರಿಂದ ಆ ಎರಡು ಸಾಲುಗಳನ್ನು ತಿದ್ದಿ ಬರೆದಿದ್ದೇವೆ.