ಮಿದುಳು ನುಡಿಸಿದ ತಾಳ
ಕಣ್ಣು ಮುಚ್ಚಿ ಸುಮ್ಮನೆ ಕುಳಿತವರ ತಲೆಯಿಂದ ನಗಾರಿ ನುಡಿದೀತೆ? 1965ರಲ್ಲಿ ಅಮೆರಿಕದ ಸಂಗೀತಗಾರ ಆಲ್ವಿನ್ ಲೂಸಿಯರ್ ನುಡಿಸಿಯೇ ತೋರಿಸಿದರು. ಮಿದುಳಿನ ಅಲೆಗಳನ್ನು ಅಭ್ಯಸಿಸುತ್ತಿದ್ದ ವಿಜ್ಞಾನಿ ಎಡ್ಮಂಡ್ ಡೆವಾನ್ ಅವರಿಗೆ ನೆರವಾಗಿದ್ದರು. ಮನಸ್ಸು ಶಾಂತವಾದಾಗ ಏಳುವ ಆಲ್ಫಾ ಅಲೆಗಳು ಧ್ವನಿವರ್ಧಕಗಳನ್ನು ಅದುರಿಸಿ ವಾದ್ಯಗಳನ್ನು ಮಿಡಿದವು. ಕಣ್ಣು ತೆರೆದರೆ ಮೌನ!

ಲೂಸಿಯರ್ 2021ರಲ್ಲಿ ತೀರಿಕೊಂಡರು. ಅದಕ್ಕೆ ಮುನ್ನವೇ ಕೆಲವು ಕಲಾವಿದರಿಗೆ ತಮ್ಮ ರಕ್ತವನ್ನು ಕೊಟ್ಟಿದ್ದರು. ನರವಿಜ್ಞಾನಿ ಸ್ಟುವರ್ಟ್ ಹಾಜೆಟ್ಸರೊಡನೆ ಸೇರಿ ಆ ಕಲಾವಿದರು ರಕ್ತದ ಜೀವಕೋಶಗಳಿಂದ ಮಿದುಳನ್ನು ಹೋಲುವ ಪುಟ್ಟ ಮುದ್ದೆಗಳನ್ನು ಬೆಳೆಸಿದರು. 2025ರಲ್ಲಿ, ಆಸ್ಟ್ರೇಲಿಯದ ಪರ್ತ್ ನಗರದಲ್ಲಿ, ಅವುಗಳ ವಿದ್ಯುತ್ ಮಿಡಿತಕ್ಕೆ ಹಿತ್ತಾಳೆಯ ಫಲಕಗಳು ನಾದಗೈದವು.

ಮೃದಂಗ ಬಾರಿಸುತ್ತಿದ್ದ ನನ್ನ ತಂದೆಯವರೂ ಈಗಿಲ್ಲ. ಅವರ ರಕ್ತದಿಂದ ಹೀಗೊಂದು ನಾದ ಎದ್ದರೆ ಕೇಳಲು ಹೋದೇನೆ? ಹೋದೇನು, ಓಡಿಯೇ ಹೋದೇನು. ಆದರೆ ನಾನು ತಾಳ ತಪ್ಪಿದಾಗ ಹುಬ್ಬೇರಿಸಿ ನೋಡುವ ಆ ಮುಖ ಅಲ್ಲಿರದು.